ಕಪ್ಪಿನ ತಳ

ಸೊಂಡೂರಿನ ಯಾರ್ಡಿಗೆ ನಾನು ಬಂದಾಗ
ಕಂಕುಳಲ್ಲಿ ಡಿಪ್ಲೊಮಾದ ಪುಸ್ತಕ,
ಬಾಯಲ್ಲಿ ಗಡಸುತನದ ಹತ್ತು ಮೆಟ್ಟಿಲು:
ಒಂದಕ್ಕೆ ಬಳಪ, ಏಳಕ್ಕೆ ಬೆಣಚು, ಹತ್ತಕ್ಕೆ ವಜ್ರ.

ಲಾರಿಯ ನೆರಳಲ್ಲಿ ಕೂತು ಅದಿರು ಆಯುತ್ತಿದ್ದ ರುಪ್ಲಿಬಾಯಿ
ತಲೆ ಎತ್ತಲಿಲ್ಲ.
“ವಜ್ರ ಇಲ್ಲಿ ಬರಲ್ಲ ಬಿಡು ಸಾಹೇಬ. ಇದನ್ನ ಹಿಡಿ.”

ಎರಡು ಕೈಗೆ ಎರಡು ಕಲ್ಲು. ಎರಡೂ ಕಪ್ಪು,
ಎರಡೂ ಮುಷ್ಟಿಯಷ್ಟು.
ಎಡಗೈ ತಾನಾಗಿ ಇಳಿಯಿತು,
ಹಾಲುಂಡು ನಿದ್ದೆಹೋದ ಕೂಸನ್ನು ಹೊತ್ತಂತೆ.
“ಇಳೀತಲ್ಲ, ಅದು ಅದಿರು.
ಇನ್ನೊಂದು ಬರೀ ಮೈಬಣ್ಣ.”

ಅವಳ ಸಾಮಾನು ಇಷ್ಟೇ:
ಹೆಬ್ಬೆರಳ ಉಗುರು,
ಸವೆದ ತೂತುಬಿಲ್ಲೆ,
ಕೆಟ್ಟ ರೇಡಿಯೋದ ಹೊಟ್ಟೆಯಿಂದ ಕಿತ್ತ ಅಯಸ್ಕಾಂತ,
ಹಿಡಿ ಮುರಿದ ಪಿಂಗಾಣಿ ಕಪ್ಪು.
ತೋಳಿನ ಕನ್ನಡಿಬಿಲ್ಲೆಗಳಲ್ಲಿ ಒಂದರ ಮೈತುಂಬ ಗೀರು,
ಅದು ಬೆಣಚು ಹಿಡಿಯುವುದಕ್ಕೆ.
ಉಳಿದವು ಗುಡ್ಡೆಯ ಮೇಲೆ ಬಿಸಿಲು ಎರಚುತ್ತಿದ್ದವು,
ಯಾವುದು ಹೊಳೆಯಿತು ಯಾವುದು ಮಂಕಾಯಿತು ಎಂದು
ಕೂತಲ್ಲೇ ತಿಳಿಯುತ್ತಿತ್ತು ಅವಳಿಗೆ.

ಚಹಾ ಕುಡಿದು ಕಪ್ಪನ್ನು ಬೋರಲು ಹಾಕುವಳು.
ತಳದಲ್ಲಿ ಹೊಳಪು ಹತ್ತದ ಒಂದು ಒರಟು ಬಳೆ.
ಅದರ ಮೇಲೆ ಕಲ್ಲನ್ನು ಒಮ್ಮೆ ಎಳೆಯುವಳು,
ಬೆಂಕಿಕಡ್ಡಿ ಗೀರಿದಂತೆ.

ಬೆಳ್ಳಿಯಂತೆ ಮಿಂಚಿದ್ದು, ಗೀರಿದರೆ ಕೆಂಪು.
ನೀಲಿ ಪುಡಿ, ಬ್ಲೂ ಡಸ್ಟ್ ಎಂದು ಬೋರ್ಡು ಹೊತ್ತದ್ದು, ಅದೂ ಕೆಂಪೇ.
ಇದ್ದಿಲಿನಂತೆ ಮುಖ ಗಂಟಿಕ್ಕಿ ಕೂತದ್ದು
ಮುಟ್ಟಿದ ಕೂಡಲೇ ತವರಿನ ಹೆಸರು ಹೇಳಿಬಿಟ್ಟಿತು.
ಅಯಸ್ಕಾಂತಕ್ಕೆ ಹಾರಿ ಅಂಟಿದ್ದು ಮಾತ್ರ
ಮೈಯಲ್ಲೂ ಕಪ್ಪು, ಗೆರೆಯಲ್ಲೂ ಕಪ್ಪು.
“ಇದಕ್ಕೆ ಎರಡು ನಾಲಿಗೆ ಇಲ್ಲ” ಎಂದು
ಬೇರೆ ಬುಟ್ಟಿಗೆ ಹಾಕಿದಳು.

ಹಳದಿ ಮಿರುಗಿದ್ದೊಂದು ಸಿಕ್ಕಿತು ನನಗೆ.
ಯಾರಿಗೂ ತೋರಿಸದೆ ಎರಡು ದಿನ ಜೇಬಲ್ಲಿಟ್ಟೆ.
ಮೂರನೆಯ ದಿನ ಅವಳು ಕೈ ಚಾಚಿದಳು.
ಕಪ್ಪಿನ ತಳದಲ್ಲಿ ಹಸುರುಗಪ್ಪು ಗೆರೆ.
ಸುತ್ತಿಗೆ ಬಿತ್ತು: ಕಿಡಿ, ಪುಡಿ, ಪಟಾಕಿ ವಾಸನೆ.
“ಬಂಗಾರ ಆಗಿದ್ರೆ ಏಟು ತಿಂದು ಚಪ್ಪಟೆ ಆಗ್ತಿತ್ತು,
ಒಡೀತಿರಲಿಲ್ಲ.”
ಯಾರನ್ನು ನೆನೆದು ಹೇಳಿದಳೋ,
ಮೂಗುತಿ ಸರಿಮಾಡಿಕೊಂಡಳು.

ಬೆರಳಿಗೆ ಮಸಿ ಹತ್ತಿದರೆ ಮ್ಯಾಂಗನೀಸು.
ಉಸಿರು ಬಿಟ್ಟರೆ ಮಣ್ಣಿನ ವಾಸನೆ, ನಾಲಿಗೆಗೆ ಅಂಟಿದರೆ ಜೇಡಿ.
ನಾನು ಬರೆದುಕೊಳ್ಳುತ್ತಿದ್ದೆ.
“ನೆಕ್ಕು” ಅಂದಳು, “ಬರೆದರೆ ಹತ್ತಲ್ಲ.”

ಶ್ರಾವಣದಲ್ಲಿ ಒಂದು ತಕರಾರು.
ಲ್ಯಾಬಿನ ಯಂತ್ರ ಅರವತ್ತನಾಲ್ಕು ಅಂದಿತು,
ರುಪ್ಲಿಬಾಯಿಯ ಅಂಗೈ ಐವತ್ತೆಂಟು.
ಮ್ಯಾನೇಜರ್ ನಕ್ಕ.
ತೋರಣಗಲ್ಲಿನ ಕಡೆ ಹನ್ನೆರಡು ಲಾರಿ ಹೋದವು,
ಹನ್ನೆರಡೂ ಹೊರೆಸಮೇತ ತಿರುಗಿ ಬಂದವು.
ಯಂತ್ರದ ತಪ್ಪಲ್ಲ.
ಮಾದರಿ ಆಯ್ದವನು ನಾನು,
ಮಳೆ ಹನಿಯುತ್ತಿತ್ತೆಂದು ಗುಡ್ಡೆ ಅಗೆಯದೆ
ಮೇಲಿನ ಹೊಳೆಯುವ ತುಂಡುಗಳನ್ನೇ ಚೀಲಕ್ಕೆ ಹಾಕಿದವನು.
ಅವಳು ನೋಡಿದ್ದಳು. ಹೇಳಲಿಲ್ಲ.
ಆ ವಾರ ಆಯುವವರೆಲ್ಲರ ಕೂಲಿ ಮುರಿದುಕೊಂಡರು, ಅವಳದೂ.
ನನ್ನ ಸಂಬಳ ಒಂದನೇ ತಾರೀಖಿಗೆ ಪೂರ್ತಿ ಬಂತು.

ಬೆಲ್ಟು ಬಂದ ವರ್ಷ ಆಯುವವರನ್ನು ಬಿಡಿಸಿದರು.
ತಾಂಡಾದ ಟ್ರ್ಯಾಕ್ಟರು ಹತ್ತುವ ಮುಂಚೆ
ನನ್ನ ಮೇಜಿನ ಮೇಲೆ ಕಪ್ಪು ಇಟ್ಟು ಹೋಗಿದ್ದಾಳೆ,
ನಾನು ಊಟಕ್ಕೆ ಹೋದ ಹೊತ್ತಲ್ಲಿ.

ಬೋರಲು ಹಾಕಿ ನೋಡುತ್ತೇನೆ.
ಗೆರೆಯ ಮೇಲೆ ಗೆರೆ, ಕೆಂಪಿನ ಮೇಲೆ ಕೆಂಪು,
ನಡುವೆ ಎಲ್ಲೋ ಹಸುರುಗಪ್ಪು,
ಅದು ನನ್ನ ಬಂಗಾರ.

ಈಗ ಅದರಲ್ಲೇ ಚಹಾ ಕುಡಿಯುತ್ತೇನೆ.
ಒಳಗೆ ತೊಳೆಯುತ್ತೇನೆ,
ತಳ ಮುಟ್ಟುವುದಿಲ್ಲ.